ಬೆಲ್ಲದ ಕೊಳೆ, ಬಾರ್ಲಿಯ ವರ್ಟ್

ಪೋಸ್ಟ್ ಉದ್ದ ಇದೆ. ಬಿಡುವಿದ್ದಾಗ ಓದಿ, ಅರ್ಧ ಓದಿ ಜಗಳಕ್ಕೆ ಬರಬೇಡಿ.

ನಮ್ಮ ಮನೆ ಬ್ಯಾಟರಾಯನಪುರದಲ್ಲಿ. ಮೈಸೂರು ರಸ್ತೆಯದ್ದಲ್ಲ, ಬಳ್ಳಾರಿ ರಸ್ತೆಯದ್ದು. ಇದನ್ನ ಆಟೋದವರಿಗೂ ಹೇಳಬೇಕು, ನಿಮಗೂ ಹೇಳಬೇಕು. ಕೆಳಗಡೆ ನಾನು, ನಮ್ಮವ್ವ. ಮೇಲಿನ ಒಂದು ರೂಮಿನಲ್ಲಿ ನಮ್ಮಣ್ಣನ ಮಗ. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ನಮ್ಮ ಮನೆತನದಲ್ಲಿ ಇಂಗ್ಲಿಷ್‌ನಲ್ಲಿ ಕನಸು ಕಾಣೋ ಮೊದಲ ಹುಡುಗ ಅಂತ ನಾನು ರೇಗಿಸ್ತಾ ಇರ್ತೀನಿ.

ಮ್ಯಾಗ್ರಾತ್ ರಸ್ತೆಯ ಆರ್ಬರ್ ಬ್ರೂಯಿಂಗ್ ಕಂಪನಿಯಲ್ಲಿ 'ರೇಜಿಂಗ್ ಎಲಿಫೆಂಟ್' ಅಂತ ಒಂದು ಬಿಯರ್ ಕೊಡ್ತಾರಂತೆ. ಕೆರಳಿದ ಆನೆ! ಇಂಡಿಯಾ ಪೇಲ್ ಏಲ್ ಅನ್ನೋ ಜಾತಿಯದು (ಬಿಯರಿಗೂ ಜಾತಿ ಇದೆ ನೋಡಿ). ಸ್ಟ್ರಾಂಗು, ಕಹಿ ಜಾಸ್ತಿ. ಇವನಿಗೆ ಅದು ಅಂದ್ರೆ ಪ್ರಾಣ. ಆದರೆ ಒಂದು ಗ್ಲಾಸಿನ ರೇಟಿಗೆ ನಮ್ಮನೆಯ ಎರಡು ದಿನದ ತರಕಾರಿ ಬರುತ್ತೆ. ಅದಕ್ಕೆ ಇವನು ಏನು ಮಾಡಿದ ಅಂದ್ರೆ, ಅದರ ನಕಲನ್ನ ಮನೆಯಲ್ಲೇ ತಯಾರು ಮಾಡೋಕೆ ಹೊರಟ. ಹೀಗೆ ಮಾಡೋದಕ್ಕೆ ಅವರ ಭಾಷೆಯಲ್ಲಿ 'ಕ್ಲೋನ್' ಅಂತಾರೆ. ಅಂಗಡಿ ಬಿಯರಿನ ರುಚಿ ನಾಲಿಗೆಯಲ್ಲಿ ಇಟ್ಕೊಂಡು, ಅದರಲ್ಲಿ ಏನೇನು ಎಷ್ಟೆಷ್ಟು ಹಾಕಿರಬಹುದು ಅಂತ ಅಂದಾಜು ಮಾಡಿ, ಒಂದೊಂದು ಸಲಕ್ಕೂ ತಿದ್ದಿಕೊಳ್ತಾ ಹೋಗೋದು.

ಒಂದು ಭಾನುವಾರ ಬೆಳಗ್ಗೆ ಮೇಲಿನಿಂದ ವಾಸನೆ ಬಂತು. ರಾಗಿ ಮಾಲ್ಟ್ ಕುದಿಸಿದಂತೆ, ಆದರೆ ಅದರ ಒಳಗೆ ಏನೋ ಸೊಪ್ಪು ಜಜ್ಜಿದ ಹಾಗೆ. ಅವ್ವ ಮೊಣಕಾಲು ನೋವಿಟ್ಟುಕೊಂಡೇ ಮೆಟ್ಟಿಲು ಹತ್ತಿ ಹೋದಳು. ಬಾಗಿಲಲ್ಲಿ ನಿಂತು ಮೂಸಿ ಒಂದೇ ಮಾತು ಕೇಳಿದ್ಲು: "ಏನ್ಲಾ ಮಗ, ಕೊಳೆ ಹಾಕಿದ್ದೀಯ?"

ಅವನಿಗೆ ಆ ಪದ ಗೊತ್ತಿಲ್ಲ. "ಕೊಳೆ ಅಲ್ಲ ಅಜ್ಜಿ, ಇದು ವರ್ಟು" ಅಂದ.

ಈ ಪೋಸ್ಟು ಆ ಎರಡು ಪದಗಳ ಬಗ್ಗೆ.

ಮೊದಲು ಅವನು ಮಾಡಿದ್ದೇನು ಅಂತ ಹೇಳ್ತೀನಿ. ಬಾರ್ಲಿಯನ್ನ ನೆನೆಸಿ, ಮೊಳಕೆ ಬರಿಸಿ, ಒಣಗಿಸಿದ್ರೆ ಅದು ಮಾಲ್ಟ್. ರಾಗಿಗೆ ನಮ್ಮ ಹೆಂಗಸರು ಮಾಡೋದೂ ಅದೇ. ಇಪ್ಪತ್ತು ಲೀಟರ್ ಬಿಯರಿಗೆ ಆರೂವರೆ ಕೆಜಿ ಮಾಲ್ಟ್ ತರಿಸಿದ್ದ. ಅದನ್ನ ನುಚ್ಚು ಮಾಡಿ 66-67 ಡಿಗ್ರಿ ಬಿಸಿನೀರಲ್ಲಿ ಒಂದು ಗಂಟೆ ನೆನೆಸಿದ. ಆಗ ಕಾಳಿನ ಪಿಷ್ಟ ಕರಗಿ ಸಕ್ಕರೆ ಆಗುತ್ತೆ. ಆ ಸಿಹಿನೀರೇ ವರ್ಟ್. ಅದನ್ನ ಒಂದು ಗಂಟೆ ಕುದಿಸುವಾಗ ಹಾಪ್ಸ್ ಹಾಕ್ತಾರೆ. ಹಾಪ್ಸ್ ಅಂದ್ರೆ ಒಂದು ಬಳ್ಳಿಯ ಹೂವು, ಗಾಂಜಾ ಕುಟುಂಬಕ್ಕೇ ಸೇರಿದ್ದು, ಮತ್ತು ಮಾತ್ರ ಬರಿಸಲ್ಲ. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಡೆ ಬೆಳೀತಾರೆ, ಇವನು ತರಿಸಿದ್ದು ಅಮೆರಿಕದ್ದು. ಶುರುವಿನಲ್ಲೇ ಹಾಕಿ ಕುದಿಸಿದ್ರೆ ಕಹಿ ಬಿಡುತ್ತೆ. ಕೊನೆಯ ಐದು ನಿಮಿಷಕ್ಕೆ ಹಾಕಿದ್ರೆ ವಾಸನೆ ಉಳಿಯುತ್ತೆ. ಹುಳಿ ಬಂದ ಮೇಲೆ ಇನ್ನೊಂದು ಹಿಡಿ ತಣ್ಣಗೇ ಹಾಕ್ತಾರೆ, ಅದು ಬರೀ ಘಮಕ್ಕೆ.

ಆಮೇಲೆ ಯೀಸ್ಟ್. ಅದು 18-20 ಡಿಗ್ರಿಯಲ್ಲಿ ಕೆಲಸ ಮಾಡಬೇಕು. ಈಗಿನ ಬೆಂಗಳೂರಿನ ಏಪ್ರಿಲ್‌ನಲ್ಲಿ ಇಪ್ಪತ್ತು ಡಿಗ್ರಿ ಎಲ್ಲಿಂದ ತರೋದು? ಬಕೆಟ್ಟಿಗೆ ಒದ್ದೆ ಗೋಣಿಚೀಲ ಸುತ್ತಿ, ಸುತ್ತ ಐಸ್ ಕಟ್ಟಿದ ನೀರಿನ ಬಾಟಲಿ ಇಟ್ಟು, ರಾತ್ರಿ ಎದ್ದೆದ್ದು ಬದಲಾಯಿಸ್ತಿದ್ದ. ಹೈಡ್ರೋಮೀಟರ್ ಅಂತ ಒಂದು ಗಾಜಿನ ಕಡ್ಡಿ ತೇಲಿಬಿಟ್ಟು ಅಳತೆ ಬರಕೊಳ್ತಾನೆ. ಮೊದಲ ದಿನ 1.066, ಎರಡು ವಾರ ಕಳೆದ ಮೇಲೆ 1.012. ಅಂದ್ರೆ ಹೆಚ್ಚುಕಮ್ಮಿ ಶೇಕಡಾ 7 ಆಲ್ಕೋಹಾಲ್.

ಈಗ ಕೊಳೆಗೆ ಬರ್ತೀನಿ.

ನಮ್ಮವ್ವನ ಅವ್ವ, ದೇವನಹಳ್ಳಿ ಕಡೆಯ ಒಂದು ಹಳ್ಳಿಯ ಕೇರಿಯಲ್ಲಿದ್ದೋಳು, ಬೆಲ್ಲದ ಕೊಳೆ ಹಾಕ್ತಿದ್ಲು. ಬೆಲ್ಲದ ನೀರಿಗೆ ಬಿಳಿಜಾಲಿ ಮರದ ಚಕ್ಕೆ ಜಜ್ಜಿ ಹಾಕಿ, ಮಡಕೆಯ ಬಾಯಿ ಕಟ್ಟಿ, ತಿಪ್ಪೆಯ ಪಕ್ಕ ನೆಲದಲ್ಲಿ ಹೂತಿಡೋದು. ತಿಪ್ಪೆ ಬೆಚ್ಚಗಿರುತ್ತೆ ನೋಡಿ. ಹುಳಿ ಬಂದ ಮೇಲೆ ಒಲೆ ಮೇಲಿಟ್ಟು ಬಟ್ಟಿ ಇಳಿಸೋದು. ಬಟ್ಟಿ ಇಳಿಸೋದು ಬಿಯರಿಗೆ ಇಲ್ಲ, ಆ ವ್ಯತ್ಯಾಸ ನಾನು ಮುಚ್ಚಿಡಲ್ಲ. ಆದರೆ ಅಲ್ಲಿವರೆಗೆ ಕೆಲಸ ಒಂದೇ: ಸಿಹಿನೀರು, ಕಹಿ ಕೊಡೋ ಒಂದು ಗಿಡ, ಕಾಯೋ ತಾಳ್ಮೆ. ಬಿಳಿಜಾಲಿಯ ತೊಗಟೆ ಒಗರು, ಅದರಲ್ಲಿ ಟ್ಯಾನಿನ್ ಇದೆ. ತಮಿಳುನಾಡಿನ ಪಟ್ಟೆ ಸಾರಾಯಿಗೆ ಆ ಹೆಸರು ಬಂದಿದ್ದೇ ಮರದ ಪಟ್ಟೆಯಿಂದ. ಅಲ್ಲಿ ಹಾಪ್ಸ್, ಇಲ್ಲಿ ಜಾಲಿ ಚಕ್ಕೆ.

ಅವ್ವನಿಗೆ ಹತ್ತು ಹನ್ನೆರಡು ವರ್ಷ ಇದ್ದಾಗ ಖಾಕಿಯವರು ಬಂದರಂತೆ. ಕಬ್ಬಿಣದ ಸಲಾಕೆ ಹಿಡಿದು ತಿಪ್ಪೆ ಚುಚ್ಚುತ್ತಾ ಬಂದು ಮಡಕೆ ಒಡೆದರು. ಅಜ್ಜಿಯ ತಲೆ ಮೇಲೆ ಒಡೆದ ಮಡಕೆಯ ಕಂಠ ಇಟ್ಟು ಊರೊಳಗೆ ನಡೆಸಿಕೊಂಡು ಹೋದರು. ಆ ಮಡಕೆಯ ಸಾರಾಯಿ ಕುಡೀತಿದ್ದ ಊರಿನ ಯಜಮಾನರು ಜಗಲಿ ಮೇಲೆ ಕೂತು ನೋಡ್ತಿದ್ರಂತೆ. ಇದನ್ನ ಅವ್ವ ನನಗೆ ಹೇಳಿದ್ದು ಜೀವಮಾನದಲ್ಲಿ ಎರಡೇ ಸಲ.

ಇವತ್ತಿಗೂ ಪೇಪರಿನಲ್ಲಿ ದಾಳಿಯ ಸುದ್ದಿ ಬಂದ್ರೆ ಇಷ್ಟು ಲೀಟರ್ 'ಬೆಲ್ಲದ ಕೊಳೆ' ನಾಶ ಅಂತಲೇ ಬರೀತಾರೆ. ಕೊಳೆ. ನಮ್ಮದು ಮಡಕೆಯಲ್ಲಿದ್ದಾಗಲೇ ಕೊಳೆ, ಅವರದ್ದು ಸ್ಟೀಲ್ ಟ್ಯಾಂಕಿನಲ್ಲಿ ವರ್ಟ್.

ಹಾಗಾದ್ರೆ ಈ ಇಂಡಿಯಾ ಪೇಲ್ ಏಲ್ ಅನ್ನೋದು ಎಲ್ಲಿಂದ ಬಂತು? ಹೆಸರಲ್ಲೇ ಇಂಡಿಯಾ ಇದೆಯಲ್ಲ ಅಂತ ಹುಡುಕ್ತಾ ಹೋದೆ. ಹದಿನೆಂಟನೇ ಶತಮಾನದ ಕೊನೆಗೆ ಲಂಡನ್ನಿನ ಪೂರ್ವ ಭಾಗದಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲೋ ಜಾಗಕ್ಕೆ ಹತ್ತಿರದಲ್ಲಿ, ಹಾಡ್ಜ್‌ಸನ್ ಅನ್ನೋನ ಬ್ರೂವರಿ ಇತ್ತು. ಹಡಗಿನ ಕ್ಯಾಪ್ಟನ್ನುಗಳಿಗೆ ಸಾಲಕ್ಕೆ ಬಿಯರ್ ಕೊಡ್ತಿದ್ದ. ಅವರು ಆಫ್ರಿಕಾದ ತುದಿ ಸುತ್ತಿ ತಿಂಗಳುಗಟ್ಟಲೆ ತೇಲಿ ಬಂದು ಇಲ್ಲಿನ ದೊರೆಗಳಿಗೆ ಮಾರ್ತಿದ್ರು. ಹಾಪ್ಸ್ ಜಾಸ್ತಿ ಇದ್ದ ಬಿಯರು ದಾರಿಯಲ್ಲಿ ಹುಳಿಯೋದು ಕಡಿಮೆ, ಯಾಕಂದ್ರೆ ಹಾಪ್ಸಿನ ಕಹಿ ಹುಳಿ ಮಾಡೋ ಬ್ಯಾಕ್ಟೀರಿಯಾವನ್ನ ತಡೆಯುತ್ತೆ. ಇಂಡಿಯಾಕ್ಕೆ ಅಂತಲೇ ಯಾರೋ ಜಾಣ ಇದನ್ನ ಕಂಡುಹಿಡಿದ ಅನ್ನೋ ಕತೆ ಓಡಾಡುತ್ತೆ, ಅದು ಉತ್ಪ್ರೇಕ್ಷೆ. ಕಪ್ಪು ಪೋರ್ಟರ್ ಬಿಯರ್ ಕೂಡ ಹಡಗಲ್ಲಿ ಬರ್ತಿತ್ತು, ಕೆಡದೇ ಬರ್ತಿತ್ತು. ಪೇಲ್ ಏಲ್ ಆಫೀಸರುಗಳಿಗೆ, ಪೋರ್ಟರು ಮತ್ತು ಸಾರಾಯಿ ಸಿಪಾಯಿಗಳಿಗೆ. ಅವರಲ್ಲೂ ಮೇಲು ಕೀಳು ಇತ್ತು.

ಇದರಲ್ಲಿ ನಮ್ಮ ಹುಡುಗನಿಗೆ ಬಹಳ ಇಷ್ಟವಾದ ಭಾಗ ಬೇರೆ. ಹಾಡ್ಜ್‌ಸನ್ ಕಂಪನಿಯ ದರ್ಪ ಜಾಸ್ತಿ ಆದಾಗ, 1822ರ ಸುಮಾರಿಗೆ, ಈಸ್ಟ್ ಇಂಡಿಯಾ ಕಂಪನಿಯ ಒಬ್ಬ ಡೈರೆಕ್ಟರು ಬರ್ಟನ್ ಊರಿನ ಆಲ್ಸಾಪ್ ಅನ್ನೋ ಬ್ರೂವರ್‌ನನ್ನ ಕರೆದು, ಹಾಡ್ಜ್‌ಸನ್ನಿನ ಬಿಯರ್ ಮುಂದಿಟ್ಟು, ಇಂಥದ್ದೇ ಮಾಡು ಅಂದನಂತೆ. ಆಲ್ಸಾಪ್‌ನ ಕೆಲಸಗಾರ ಜಾಬ್ ಗುಡ್‌ಹೆಡ್ ಅದರ ನಕಲನ್ನ ಮೊದಲು ಟೀ ಪಾಟಿನಲ್ಲಿ ಮಾಡಿ ನೋಡಿದ ಅಂತ ಕತೆ. ಅಂದ್ರೆ ಲೋಕಪ್ರಸಿದ್ಧ ಬರ್ಟನ್ ಪೇಲ್ ಏಲ್ ಕೂಡ ಒಂದು ಕ್ಲೋನ್! "ನೋಡಿ ಅತ್ತೆ, ನಾನು ಪರಂಪರೆ ಮುಂದುವರಿಸ್ತಿದ್ದೀನಿ" ಅಂತ ಕುಣಿದ.

ಬರ್ಟನ್ ಗೆದ್ದಿದ್ದು ನೀರಿನಿಂದ. ಅಲ್ಲಿನ ಬಾವಿ ನೀರಲ್ಲಿ ಜಿಪ್ಸಂ ಅಂಶ ಹೇರಳ, ಅದು ಹಾಪ್ಸಿನ ಕಹಿಯನ್ನ ಚೂಪು ಮಾಡುತ್ತೆ. ಈಗ ಎಷ್ಟೋ ಬ್ರೂವರುಗಳು ತಮ್ಮ ನೀರಿಗೆ ಜಿಪ್ಸಂ ಬೆರೆಸಿ ಬರ್ಟನ್ ನೀರಿನ ಹಾಗೆ ಮಾಡ್ಕೊಳ್ತಾರೆ. ಇವನೂ ಕಾವೇರಿ ನೀರಿಗೆ ಚಮಚದಲ್ಲಿ ಅಳೆದು ಹಾಕಿದ. ಗೋಡೆಗೆ ಬಳಿಯೋದನ್ನ ಕುಡಿಯೋ ನೀರಿಗೆ ಹಾಕ್ತಾನಲ್ಲಪ್ಪ ಅಂತ ನನಗೆ ಗಾಬರಿ. ತಿನ್ನೋಕೆ ಬರೋ ಜಿಪ್ಸಂ ಬೇರೆ ಇದೆಯಂತೆ. ಒಂದು ಊರಿನ ನೀರನ್ನ ಇನ್ನೊಂದು ಊರಲ್ಲಿ ಮಾಡ್ಕೊಳ್ಳೋಕೆ ಇವರಿಗೆ ಚಮಚ ಸಾಕು. ನಾವು ಮಹಾಡ್ ಕೆರೆಯ ನೀರು ಮುಟ್ಟೋಕೆ 1927ರಲ್ಲಿ ಏಟು ತಿಂದಿದ್ವಿ.

ಬೆಂಗಳೂರಿಗೆ ಬರೋಣ. 1809ರಲ್ಲಿ ಇಲ್ಲಿ ದಂಡು ಬಂತು, ಅದೇ ಕಂಟೋನ್ಮೆಂಟ್. ದಂಡಿನ ಹಿಂದೆ ನಮ್ಮವರೂ ಬಂದರು. ಬಟ್ಲರ್, ಕುದುರೆ ನೋಡೋರು, ಕಕ್ಕಸು ಬಳಿಯೋರು, ಹೊರೆ ಹೊರೋರು. ದಂಡು ಅಂದ ಮೇಲೆ ಕುಡಿತ. ಹಡಗಿನಲ್ಲಿ ಬರೋ ಬಿಯರು ದುಬಾರಿ. ಹಾಗಾಗಿ ಹತ್ತೊಂಬತ್ತನೇ ಶತಮಾನದ ಎರಡನೇ ಅರ್ಧದಲ್ಲಿ ನೀಲಗಿರಿಯಲ್ಲೂ ಬೆಂಗಳೂರಲ್ಲೂ ಬ್ರೂವರಿಗಳು ಎದ್ದವು. ಅಂಥ ಐದನ್ನ ಒಟ್ಟು ಸೇರಿಸಿ ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. 1947ರಲ್ಲಿ ವಿಠ್ಠಲ್ ಮಲ್ಯ ಅದರ ಮೊದಲ ಭಾರತೀಯ ಡೈರೆಕ್ಟರ್ ಆದರು. ಮುಂದಿನ ಕತೆ ನಿಮಗೇ ಗೊತ್ತು.

ಅದೇ ಕಾಲದಲ್ಲಿ ಇನ್ನೊಂದು ಕಡೆ ಏನಾಗ್ತಿತ್ತು ನೋಡಿ. 1878ರಲ್ಲಿ ಬಾಂಬೆ ಅಬಕಾರಿ ಕಾಯ್ದೆ, 1886ರಲ್ಲಿ ಮದ್ರಾಸ್ ಅಬಕಾರಿ ಕಾಯ್ದೆ, 1901ರಲ್ಲಿ ಮೈಸೂರು ಸಂಸ್ಥಾನದ ಅಬಕಾರಿ ಕಾಯ್ದೆ. ಎಲ್ಲದರ ತಿರುಳು ಒಂದೇ: ಲೈಸೆನ್ಸ್ ಇಲ್ಲದೆ ಯಾರೂ ಮದ್ಯ ತಯಾರಿಸುವಂತಿಲ್ಲ. ಊರೂರಿನ ಸಣ್ಣ ಬಟ್ಟಿಗಳನ್ನ ಮುಚ್ಚಿ ದೊಡ್ಡ ಡಿಸ್ಟಿಲರಿಗೆ ಕೊಟ್ಟರು, ಅಂಗಡಿಗಳನ್ನ ಹರಾಜು ಹಾಕಿದರು. ಈಚಲು ಮರಕ್ಕೂ ಲೆಕ್ಕ. ಇದು ಕುಡಿತ ನಿಲ್ಲಿಸೋಕೆ ಮಾಡಿದ ಕಾನೂನಲ್ಲ. ಕುಡಿದ ದುಡ್ಡು ಖಜಾನೆಗೇ ಬರಬೇಕು ಅಂತ ಮಾಡಿದ್ದು. ಗುಮಾಸ್ತೆಯಾಗಿ ಇಪ್ಪತ್ತು ವರ್ಷ ಫೈಲು ನೋಡಿದೀನಿ, ಆದಾಯಕ್ಕಾಗಿ ಮಾಡಿದ ರೂಲು ಯಾವುದು, ಜನಕ್ಕಾಗಿ ಮಾಡಿದ್ದು ಯಾವುದು ಅಂತ ಮೊದಲ ಪುಟದಲ್ಲೇ ಗೊತ್ತಾಗುತ್ತೆ. ಬಂಡವಾಳ ಇದ್ದೋನಿಗೆ ಲೈಸೆನ್ಸು ಸಿಕ್ತು, ಅವನು ಉದ್ಯಮಿ. ಮಡಕೆ ಇದ್ದೋಳಿಗೆ ಸಿಗಲಿಲ್ಲ, ಅವಳು ಕಳ್ಳಿ. 'ಕಳ್ಳಭಟ್ಟಿ' ಅನ್ನೋದರಲ್ಲಿ ಕಳ್ಳತನ ಎಲ್ಲಿದೆ? ಬೆಲ್ಲ ಅವಳದ್ದು, ಮಡಕೆ ಅವಳದ್ದು, ಕಷ್ಟ ಅವಳದ್ದು. ಕದ್ದಿದ್ದು ಸುಂಕ ಮಾತ್ರ.

ಸ್ವಾತಂತ್ರ್ಯ ಬಂದ ಮೇಲೆ ಈ ಮಾತು ಸಂವಿಧಾನ ಸಭೆಗೂ ಬಂತು. 1948ರ ನವೆಂಬರ್ 24. ಈಗಿನ 47ನೇ ವಿಧಿಯಲ್ಲಿರೋ ಪಾನನಿಷೇಧದ ಚರ್ಚೆ. ಗಾಂಧಿವಾದಿಗಳು ಒಬ್ಬರ ಹಿಂದೆ ಒಬ್ಬರು ಎದ್ದು ಮದ್ಯ ಪಾಪ ಅಂದರು. ಆಗ ಎದ್ದು ನಿಂತೋರು ಜೈಪಾಲ್ ಸಿಂಗ್ ಮುಂಡಾ, ಒಲಿಂಪಿಕ್ ಹಾಕಿ ಟೀಮಿನ ಕ್ಯಾಪ್ಟನ್ ಆಗಿದ್ದ ಆದಿವಾಸಿ ನಾಯಕ. ಅಕ್ಕಿಯ ಬಿಯರು ಆದಿವಾಸಿಗಳ ಪೂಜೆಯ ಭಾಗ, ಇದು ಈ ನೆಲದ ಅತಿ ಹಳೆಯ ಜನರ ಧಾರ್ಮಿಕ ಹಕ್ಕಿನ ಮೇಲೆ ಕೈ ಹಾಕಿದ ಹಾಗೆ ಅಂತ ವಾದಿಸಿದರು. ಬಂಗಾಳದ ಗದ್ದೆಯಲ್ಲಿ ಇಡೀ ದಿನ ಮಳೆಯಲ್ಲಿ, ಮೊಣಕಾಲುದ್ದ ನೀರಲ್ಲಿ ನಿಂತು ನಾಟಿ ಮಾಡೋ ಸಂತಾಲರಿಗೆ ಅದಿಲ್ಲದಿದ್ದರೆ ನಾಟಿಯೇ ಆಗಲ್ಲ ಅಂದರು. ಬಾಬಾಸಾಹೇಬರು ಉತ್ತರ ಕೊಡ್ತಾ, ಇದು ನಿರ್ದೇಶಕ ತತ್ವ, ಯಾವಾಗ ಜಾರಿ ಮಾಡಬೇಕು ಅನ್ನೋ ಬಲವಂತ ಇದರಲ್ಲಿಲ್ಲ, ಬುಡಕಟ್ಟು ಪ್ರದೇಶಗಳಿಗೆ ಸಂವಿಧಾನದಲ್ಲೇ ಬೇರೆ ರಕ್ಷಣೆ ಇದೆ ಅಂತ ಸಮಾಧಾನ ಹೇಳಿದರು. ಬಾಬಾಸಾಹೇಬರು ಕುಡಿಯೋರಲ್ಲ, ನಮಗೆಲ್ಲ ಗೊತ್ತು. ಆದರೂ ಆ ಮಾತನ್ನ ತಳ್ಳಿಹಾಕದೆ ನಿಂತು ಉತ್ತರಿಸಿದ್ದು ನನಗೆ ದೊಡ್ಡದಾಗಿ ಕಾಣುತ್ತೆ. ಆದರೆ ಆ ರಕ್ಷಣೆ ನಮ್ಮ ಕೇರಿಗಳ ತನಕ ಬರೋದಲ್ಲ. ಆ ದಿನ ಜಾಲಿ ಚಕ್ಕೆಯ ಪರವಾಗಿ ಯಾರೂ ಏಳಲಿಲ್ಲ.

ಈಗ ನೀವು ಕೇಳ್ತೀರಿ ಅಂತ ಗೊತ್ತು. ಅಕ್ಕ, ಹೆಂಡ ಬೇಡ, ವಸತಿ ಶಾಲೆ ಬೇಕು ಅಂತ ಬೀದಿಗೆ ಇಳಿದ ಚಳವಳಿ ನಮ್ಮದು. ನೀವೇ ಈಗ ಮಡಕೆ ಪರ ಮಾತಾಡ್ತೀರಾ?

ನಮ್ಮ ಸೋದರಮಾವನ ಫೋಟೋ ನಮ್ಮನೆ ಗೋಡೆ ಮೇಲಿದೆ. 1981ರ ಜುಲೈನಲ್ಲಿ ಬೆಂಗಳೂರಲ್ಲಿ ವಿಷದ ಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರಲ್ಲ, ಅದರಲ್ಲಿ ಅವರೂ ಒಬ್ಬರು. ಕೂಲಿ ಮುಗಿಸಿ ಕುಡಿದು ಬಂದು ಮಲಗಿದೋರು ಬೆಳಗ್ಗೆ ಕಣ್ಣು ಕಾಣ್ತಿಲ್ಲ ಅಂದರಂತೆ. ನಾನಾಗ ಕೈಗೂಸು. 2008ರ ಮೇನಲ್ಲಿ ಮತ್ತೆ ಬೆಂಗಳೂರು, ಕೋಲಾರ, ಗಡಿಯಾಚೆ ಕೃಷ್ಣಗಿರಿ ಕಡೆ ನೂರೈವತ್ತಕ್ಕೂ ಹೆಚ್ಚು ಜನ ಹೋದರು. ಆಗ ನಾನೇ ಸಂಘಟನೆಯವರ ಜೊತೆ ಮನೆ ಮನೆ ತಿರುಗಿದೀನಿ. ಸತ್ತೋರ ಪಟ್ಟಿ ಓದಿದ್ರೆ ಯಾವ ಕೇರಿಗಳು ಅಂತ ಹೇಳಬೇಕಾಗಿರಲಿಲ್ಲ. ಕುಡಿತ ನಮ್ಮ ಹೆಂಗಸರಿಗೆ ಏನು ಮಾಡಿದೆ ಅನ್ನೋದನ್ನ ನನಗೆ ಯಾರೂ ಪಾಠ ಮಾಡಬೇಕಾಗಿಲ್ಲ.

ಆದರೆ ಒಂದು ವಿಷಯ ಸರಿಯಾಗಿ ತಿಳ್ಕೊಳ್ಳಿ. ಅವರನ್ನ ಕೊಂದಿದ್ದು ಮಿಥೈಲ್ ಆಲ್ಕೋಹಾಲ್, ಮೆಥನಾಲ್. ಅದು ಬಣ್ಣ, ವಾರ್ನಿಶ್ ಕಾರ್ಖಾನೆಗಳಿಗೆ ಹೋಗೋ ರಾಸಾಯನಿಕ. ದೇಹದೊಳಗೆ ಹೋಗಿ ಫಾರ್ಮಿಕ್ ಆಮ್ಲ ಆಗಿ ಮೊದಲು ಕಣ್ಣು ತೆಗೆಯುತ್ತೆ. ಬೆಲ್ಲ ಕೊಳೆಸಿದ್ರೆ, ಬಾರ್ಲಿ ಹುಳಿಸಿದ್ರೆ ಜೀವ ತೆಗೆಯುವಷ್ಟು ಮೆಥನಾಲ್ ಹುಟ್ಟಲ್ಲ. ಡ್ರಮ್ಮುಗಳಲ್ಲಿ ಅದನ್ನ ತಂದು ಸಾರಾಯಿ ಅಂತ ಬೆರೆಸಿ ಮಾರಿದ್ದು ವ್ಯಾಪಾರಿ ಜಾಲ, ತಿಪ್ಪೆ ಪಕ್ಕದ ಮುದುಕಿಯಲ್ಲ. ಆದರೆ ಪ್ರತಿ ಸಲ ಹೆಣ ಬಿದ್ದ ಮೇಲೆ ಸಲಾಕೆ ಹಿಡಿದು ಹೋಗೋದು ಕೇರಿಗೇ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧ. ಹೆಂಗಸರು ಎಷ್ಟೋ ವರ್ಷ ಕೇಳಿದ್ದು, ಬಂದಾಗ ನಾನೂ ಸಿಹಿ ಹಂಚಿದೆ. ಬಡವರ ಕುಡಿತ ನಿಲ್ಲಲಿಲ್ಲ, ಪ್ಯಾಕೆಟ್ಟಿನಿಂದ ಅಗ್ಗದ ವಿಸ್ಕಿಗೆ ಹೋಯ್ತು. ಅದಾಗಿ ಮೂರ್ನಾಲ್ಕು ವರ್ಷದಲ್ಲೇ ಇದೇ ಊರಲ್ಲಿ ಹೋಟೆಲಿನೊಳಗೇ ಬಿಯರ್ ತಯಾರಿಸೋಕೆ ಮೈಕ್ರೋಬ್ರೂವರಿ ಲೈಸೆನ್ಸ್ ಶುರು. 2011ರಲ್ಲಿ ವಿಠ್ಠಲ್ ಮಲ್ಯ ರಸ್ತೆಯಲ್ಲಿ ಬಿಯೆರ್ ಕ್ಲಬ್, 2012ರಲ್ಲಿ ಇವನ ಆನೆಯ ಆರ್ಬರ್, ಆ ಸುಮಾರಿಗೇ ಇಂದಿರಾನಗರದಲ್ಲಿ ಟಾಯ್ಟ್. ಅದೇ ವಿಠ್ಠಲ್ ಮಲ್ಯ ರಸ್ತೆಯಲ್ಲಿ ಈಗ ಯುಬಿ ಸಿಟಿ ನಿಂತಿರೋದು ಹಳೇ ಬ್ರೂವರಿಯ ಜಾಗದಲ್ಲಿ. ಗಾಜಿನ ಹಿಂದೆ ತಾಮ್ರ, ಸ್ಟೀಲಿನ ಹಂಡೆ ಇಟ್ಟು ಗಿರಾಕಿಗಳಿಗೆ ತೋರಿಸ್ತಾರೆ. ನಮ್ಮಜ್ಜಿ ಹೂತಿಟ್ಟಿದ್ದನ್ನ ಇವರು ಷೋಕೇಸಿನಲ್ಲಿ ಇಟ್ಟರು.

ಮನೆಯಲ್ಲಿ ಮಾಡೋರ ಕತೆ? ಪೇಲ್ ಏಲ್ ಹುಟ್ಟಿದ ಇಂಗ್ಲೆಂಡಿನಲ್ಲೇ 1963ರವರೆಗೆ ಮನೆಯಲ್ಲಿ ಬಿಯರ್ ಮಾಡೋಕೆ ಲೈಸೆನ್ಸ್ ಬೇಕಿತ್ತು, ಆಮೇಲೆ ತೆಗೆದರು. ಅಮೆರಿಕದಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೇಲೆ ಕಾನೂನುಬದ್ಧವಾಯ್ತು. ಗ್ಯಾರೇಜಿನಲ್ಲಿ ಬಕೆಟ್ ಇಟ್ಕೊಂಡಿದ್ದ ಎಷ್ಟೋ ಜನ ಮುಂದೆ ಬ್ರೂವರಿ ಕಟ್ಟಿದರು. ಇವನು ಫೋನಿನಲ್ಲಿ ಓದೋ ಕ್ಲೋನ್ ಲೆಕ್ಕಗಳೆಲ್ಲ ಅಲ್ಲಿಂದಲೇ ಬಂದಿದ್ದು. ಇಲ್ಲಿ 1965ರ ಅಬಕಾರಿ ಕಾಯ್ದೆ ಇವತ್ತಿಗೂ ಇದೆ. ಲೈಸೆನ್ಸ್ ಇಲ್ಲದೆ ತಯಾರಿಸೋದು ಅಪರಾಧ, ಅದಕ್ಕೆ ಬೇಕಾದ ಪಾತ್ರೆ ಸಾಮಾನು ಇಟ್ಕೊಳ್ಳೋದೂ ಅಪರಾಧ. ಅಲ್ಲಿ ಮಡಕೆ ಅಂತಲೂ ಬರೆದಿಲ್ಲ, ಬಕೆಟ್ ಅಂತಲೂ ಬರೆದಿಲ್ಲ.

ಇದನ್ನ ಹುಡುಗನಿಗೆ ಹೇಳಿದೆ. ಅವನು ನಕ್ಕ. "ಅತ್ತೆ, ನನ್ನ ಟೀಮ್ ಲೀಡು ಮೂರು ವರ್ಷದಿಂದ ಮಾಡ್ತಾನೆ. ಬಾಟಲಿಗೆ ಲೇಬಲ್ ಪ್ರಿಂಟ್ ಹಾಕಿಸಿ ಇನ್‌ಸ್ಟಾಗ್ರಾಮಿಗೆ ಹಾಕ್ತಾನೆ. ಅವನನ್ನ ಯಾರೂ ಕೇಳಿಲ್ಲ."

"ನೀನು ಹಾಕಿದ್ದೀಯಾ?" ಅಂದೆ.

ಸುಮ್ಮನಾದ. ಹಾಕಿರಲಿಲ್ಲ. ಯಾಕೆ ಅಂತ ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಆ ಟೀಮ್ ಲೀಡಿನ ಮನೆಗೆ ಯಾರಾದ್ರೂ ಬಂದ್ರೆ ಸರ್ ಇದೇನು ಹವ್ಯಾಸ ಅಂತ ಕೇಳ್ತಾರೆ. ಇವನ ರೂಮಿಗೆ ಬಂದ್ರೆ ಮೊದಲು ಅಪ್ಪನ ಹೆಸರು, ಆಮೇಲೆ ಯಾವ ಊರು, ಆಮೇಲೆ ಊರಲ್ಲಿ ಎಲ್ಲಿ. ಮಾರನೇ ದಿನ ಪೇಪರಿನಲ್ಲಿ ಇಪ್ಪತ್ತು ಲೀಟರ್ ಕೊಳೆ. ಅದಕ್ಕೇ ಈ ಪೋಸ್ಟಿನಲ್ಲಿ ಅವನ ಹೆಸರಿಲ್ಲ, ಫೋಟೋ ಇಲ್ಲ. ಹುಡುಕೋರಿಗೆ ಹೇಳ್ತೀನಿ, ಬಕೆಟ್ಟೂ ಈಗ ಮನೆಯಲ್ಲಿಲ್ಲ. ಬರೆಯೋ ಮುಂಚೆ ಅವನ ಒಪ್ಪಿಗೆ ಕೇಳಿದೆ. ಎರಡು ದಿನ ಬಿಟ್ಟು "ಬರೀರಿ" ಅಂದ.

ಬಾಟಲಿಗೆ ತುಂಬಿ ಎರಡು ವಾರ ಆದ ಮೇಲೆ ಒಂದು ಸಂಜೆ ಕೆಳಗೆ ತಂದ. ಗ್ಲಾಸಿಗೆ ಬಗ್ಗಿಸಿದ, ತಾಮ್ರದ ಬಣ್ಣ, ಮೇಲೆ ದಪ್ಪ ನೊರೆ. ನಾನು ಕುಡಿಯಲ್ಲ, ಮಾವನ ಫೋಟೋ ಎದುರಿಗೆ ಅಂತೂ ಆಗಲ್ಲ. ಅವ್ವನೂ ಬೇಡ ಅಂತಾಳೆ ಅಂದ್ಕೊಂಡಿದ್ದೆ. ಅವಳು ಗ್ಲಾಸು ಇಸ್ಕೊಂಡು ಮೂಸಿದ್ಲು. ಬೆರಳು ಅದ್ದಿ ನಾಲಿಗೆಗೆ ಇಟ್ಕೊಂಡ್ಲು. ಸ್ವಲ್ಪ ಹೊತ್ತು ಗೋಡೆ ನೋಡ್ತಾ ಕೂತಿದ್ಲು.

"ಚಕ್ಕೆ ಜಾಸ್ತಿ ಆಗೈತೆ ಕಣ್ಲಾ" ಅಂದ್ಲು. "ನಮ್ಮವ್ವ ಇಷ್ಟು ಹಾಕ್ತಿರಲಿಲ್ಲ."

ಎಷ್ಟು ಹಾಕ್ತಿದ್ರು ಅಜ್ಜಿ ಅಂತ ಅವನು ನೋಟ್‌ಬುಕ್ ತೆಗೆದ. ಅವ್ವ ಗ್ಲಾಸು ಕೆಳಗಿಟ್ಟು, ಮುಸುರೆ ಪಾತ್ರೆ ಹಂಗೇ ಬಿದ್ದಾವೆ ಅಂತ ಎದ್ದು ಹೋದಳು.